ದ್ರಾಕ್ಷಿ ಮಾಸ್ತರ ಹಾಕಿಕೊಟ್ಟ ಸಾಲು

“ಗುರುಗಳೇ, ತಪ್ಪು ಮಾಡಿದವನು ಅದನ್ನು ತನ್ನಷ್ಟಕ್ಕೆ ತಿದ್ದಿಕೊಂಡರೆ ಸಾಲದೇ? ನಾಲ್ಕು ಜನರ ಎದುರು ನಿಂತು ಒಪ್ಪಿಕೊಳ್ಳಲೇಬೇಕೇ?”

ಕೇಳಿದವನು ರೇವಯ್ಯ. ಹತ್ತು ವರ್ಷಗಳಿಂದ ಮಠದಲ್ಲಿದ್ದ ಶಿಷ್ಯ. ಈ ಪ್ರಶ್ನೆ ಕೇಳುವಾಗ ಅವನು ಗುರುಗಳ ಮುಖ ನೋಡಲಿಲ್ಲ. ಗುರುಗಳು ಅದನ್ನು ಗಮನಿಸಿದರು. ಏಕೆಂದು ಕೇಳಲಿಲ್ಲ. ಕುಳಿತುಕೋ ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಊರು ಒಂದು ದಿನ್ನೆಯ ಮಗ್ಗುಲಿಗಿತ್ತು. ದಿನ್ನೆಯ ಇಳಿಜಾರಿನಲ್ಲೇ ಎಲ್ಲರ ಹೊಲ. ಮೇಲೆ ಒಂದೂವರೆ ಮೊಳ ಕೆಂಪು ಮಣ್ಣು, ಅದರ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕಿ ಜೋಳ, ಸಜ್ಜೆ ಬೆಳೆದುಕೊಂಡಿದ್ದರು. ಈ ರೈತ ಹರೆಯದಲ್ಲಿ ಬೇರೆ ಸೀಮೆಗೆ ಹೋಗಿ ದ್ರಾಕ್ಷಿ ತೋಟಗಳಲ್ಲಿ ದುಡಿದು ಬಂದವನು. ಬರುವಾಗ ಒಂದು ಹೊರೆ ದ್ರಾಕ್ಷಿ ಕಡ್ಡಿ ತಂದ. ಊರಿನಲ್ಲಿ ಮೊದಲು ದ್ರಾಕ್ಷಿ ನೆಟ್ಟವನು ಅವನೇ.

ಆ ಕಾಲದ ಮಳೆ ನಿಧಾನದ ಮಳೆ. ಹಿಡಿದರೆ ವಾರಗಟ್ಟಲೆ ಜಿನುಗುತ್ತಿತ್ತು. ಒಡ್ಡಿನ ಹಿಂದೆ ನೀರು ನಿಂತಿತು. ನಿಂತ ನೀರಿನಲ್ಲಿ ಬಳ್ಳಿಯ ಬೇರು ಕೊಳೆಯಿತು. ಮೊದಲ ಎರಡು ವರ್ಷ ಅವನು ನೆಟ್ಟದ್ದರಲ್ಲಿ ಅರ್ಧ ಸತ್ತುಹೋಯಿತು. ಊರವರು ನಕ್ಕರು. ಮೂರನೆಯ ವರ್ಷ ಅವನು ಹಾರೆ ಹಿಡಿದು ತನ್ನ ಹೊಲದ ಒಡ್ಡುಗಳನ್ನೆಲ್ಲ ಒಡೆದುಹಾಕಿದ. ದಿನ್ನೆಯ ನೆತ್ತಿಯಿಂದ ತಳದವರೆಗೆ ಹಗ್ಗ ಹಿಡಿದು ನೇರವಾಗಿ ಸಾಲು ಹಾಕಿದ. ಸಾಲಿನ ನಡುವೆ ಒಂದು ಎಳೆ ಹುಲ್ಲು ಬಿಡದೆ ಕುಂಟೆ ಹೊಡೆದ. ಬಿದ್ದ ನೀರು ಸಾಲಿನಗುಂಟ ಇಳಿದು ಹಳ್ಳ ಸೇರಿತು. ಬೇರು ಉಳಿಯಿತು. ಬಳ್ಳಿ ಚಪ್ಪರ ಏರಿತು. ಗೊಂಚಲುಗಳು ಇಳಿಬಿದ್ದವು.

ನಕ್ಕವರೇ ಬಂದು ಕೇಳಿದರು. ಅವನು ಮುಚ್ಚಿಡಲಿಲ್ಲ. ಕಡ್ಡಿ ಕೊಟ್ಟ, ದಾರಿ ಹೇಳಿಕೊಟ್ಟ. ಒಬ್ಬೊಬ್ಬರ ಹೊಲಕ್ಕೂ ತಾನೇ ಹೋಗಿ ಹಗ್ಗ ಹಿಡಿದು ಸಾಲು ಹಾಕಿಸಿದ. ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷಗಳಲ್ಲಿ ಇಡೀ ದಿನ್ನೆ ದ್ರಾಕ್ಷಿಯಾಯಿತು. ಜನ ಅವನನ್ನು ದ್ರಾಕ್ಷಿ ಮಾಸ್ತರ ಎಂದು ಕರೆಯತೊಡಗಿದರು. ಮದುವೆಯ ಊಟದಲ್ಲಿ ಮೊದಲ ಸಾಲಿನಲ್ಲಿ ಅವನನ್ನು ಕೂರಿಸುತ್ತಿದ್ದರು. ಸುತ್ತಲಿನ ಊರಿನವರು ಎತ್ತಿನ ಬಂಡಿ ಕಟ್ಟಿಕೊಂಡು ಅವನನ್ನು ಕರೆಯಲು ಬರುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವನಿಗೆ ಮಾಸ್ತರ ಎಂಬ ಹೆಸರು ಬಂತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಎದೆ ತುಂಬಿ ಬರುತ್ತಿತ್ತು. ಅದೇನೂ ತಪ್ಪಲ್ಲ.

ಆ ಊರಿನಲ್ಲಿ ದಾನಮ್ಮ ಎಂಬ ಹೆಣ್ಣುಮಗಳಿದ್ದಳು. ಗಂಡ ತೀರಿಹೋಗಿದ್ದ. ದಿನ್ನೆಯ ಎಲ್ಲಕ್ಕಿಂತ ಕಡಿದಾದ ಭಾಗದಲ್ಲಿ ಅವಳದು ನಾಲ್ಕು ಎಕರೆ ಹೊಲ. ಅಲ್ಲಿ ಅವಳ ಮಾವ ಬಹಳ ಹಿಂದೆ ಕಲ್ಲಿನ ಒಡ್ಡುಗಳನ್ನು ಕಟ್ಟಿದ್ದ. ಅವಳೂ ದ್ರಾಕ್ಷಿ ಹಾಕಬೇಕೆಂದಾಗ ರೈತ ಹಗ್ಗ ಹಿಡಿದು ಹೋದ. ಆಗ ಅವಳು ಹೇಳಿದಳು: “ಕಾಕಾ, ಈ ಒಡ್ಡು ನಮ್ಮ ಮಾವಾರು ಕಟ್ಟಿದ್ವು. ಇರ್ಲಿ ಬಿಡ್ರಲ್ಲ.”

ಜೊತೆಗೆ ಬಂದಿದ್ದ ಐದಾರು ಜನ ರೈತನ ಮುಖ ನೋಡಿದರು. ರೈತ ನಕ್ಕ. “ಒಡ್ಡು ಬೇಕಾದ್ರ ಜ್ವಾಳ ಬಿತ್ತು. ದ್ರಾಕ್ಷಿ ಬೇಕಾದ್ರ ಒಡ್ಡು ಒಡಿ.”

ಬಂದವರೂ ನಕ್ಕರು. ದಾನಮ್ಮ ಒಡ್ಡು ಒಡೆಸಿದಳು. ಮೂರನೆಯ ವರ್ಷ ಅವಳ ತೋಟದಲ್ಲೂ ಗೊಂಚಲು ಇಳಿಬಿದ್ದವು. ಅವಳು ಮೊದಲ ಬುಟ್ಟಿಯನ್ನು ಅವನ ಮನೆಗೆ ತಂದುಕೊಟ್ಟಳು.

ಹೀಗೆ ಬಹಳ ವರ್ಷ ನಡೆಯಿತು. ಅಷ್ಟರಲ್ಲಿ ಮಳೆಯ ನಡೆ ಬದಲಾಗುತ್ತ ಬಂತು. ಅದು ಒಂದು ವರ್ಷದಲ್ಲಿ ಆದದ್ದಲ್ಲ. ಯಾರೂ ಇದೇ ದಿನ ಎಂದು ಹೇಳಲಾರರು. ಮೃಗಶಿರ, ಆರಿದ್ರ ಮಳೆಗಳು ಬರೀ ಮೋಡ ತೋರಿಸಿ ಹೋಗತೊಡಗಿದವು. ನೆಲ ಕಾದು ಹೆಂಚಾಗುತ್ತಿತ್ತು. ಆಮೇಲೆ ತಿಂಗಳ ಮಳೆಯೆಲ್ಲ ಒಂದೇ ತಾಸಿನಲ್ಲಿ ಸುರಿಯುತ್ತಿತ್ತು. ಹನಿ ದಪ್ಪ, ಹೊಡೆತ ಜೋರು. ಹುಲ್ಲಿಲ್ಲದ ನೆಲದ ಮೇಲೆ ಆ ಹನಿ ಬಿದ್ದರೆ ಮಣ್ಣು ಮೊದಲು ಸಿಡಿಯುತ್ತಿತ್ತು, ಆಮೇಲೆ ಮೇಲ್ಮೈ ಹೆಪ್ಪುಗಟ್ಟುತ್ತಿತ್ತು. ನೀರು ಒಳಗೆ ಇಂಗುತ್ತಿರಲಿಲ್ಲ. ನೆತ್ತಿಯಿಂದ ತಳದವರೆಗೆ ನೇರವಾಗಿ ಹಾಕಿದ ಸಾಲುಗಳಲ್ಲಿ ಓಡುತ್ತಿತ್ತು. ಓಡುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ.

ರೈತ ಇದನ್ನು ಮೊದಲು ಕಂಡದ್ದು ತನ್ನ ತೋಟದ ಕಲ್ಲುಕಂಬದ ಬುಡದಲ್ಲಿ. ಕಂಬ ನೆಲದ ಮೇಲೆ ಇದ್ದಷ್ಟು ಭಾಗ ಬಿಸಿಲಿಗೆ ಕಪ್ಪಾಗಿತ್ತು. ಅದರ ಕೆಳಗೆ ಎರಡು ಬೆರಳಷ್ಟು ಬಿಳಿಚಿದ ಕಲ್ಲು ಕಂಡಿತು. ಅದು ಮಣ್ಣಿನೊಳಗೆ ಇದ್ದ ಭಾಗ. ಅವನು ಅದನ್ನು ಉಗುರಿನಿಂದ ಕೆರೆದು ನೋಡಿದ. ಕಂಬ ಮೇಲೆದ್ದಿರಬೇಕು ಎಂದುಕೊಂಡ. ಮರುವರ್ಷ ಬಿಳಿಯ ಭಾಗ ನಾಲ್ಕು ಬೆರಳಾಗಿತ್ತು. ಎಲ್ಲ ಕಂಬಗಳಲ್ಲೂ ನಾಲ್ಕು ಬೆರಳು. ಅಷ್ಟೊಂದು ಕಂಬಗಳು ಒಟ್ಟಿಗೆ ಮೇಲೇಳುವುದಿಲ್ಲ.

ಆ ವರ್ಷದ ಹುಬ್ಬಿ ಮಳೆ ಮಧ್ಯಾಹ್ನ ಹೊಡೆಯಿತು. ಎಲ್ಲರೂ ಒಳಗೆ ಓಡಿದರೆ ಅವನು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ತೋಟಕ್ಕೆ ಹೋದ. ನೆತ್ತಿಯಲ್ಲಿ ನಿಂತ. ನೀರು ಸಾಲಿಗೆ ಇಳಿಯಿತು. ಅವನು ನೀರಿನ ಜೊತೆಗೇ ಕೆಳಗೆ ನಡೆದ. ಮೇಲೆ ತಿಳಿಯಾಗಿದ್ದದ್ದು ನಡುವೆ ಕೆಂಪಾಯಿತು, ತಳದಲ್ಲಿ ಅಂಬಲಿಯಷ್ಟು ಗಟ್ಟಿಯಾಯಿತು. ಹಳ್ಳದ ದಂಡೆಗೆ ಬಂದು ನೋಡಿದರೆ ಇಡೀ ದಿನ್ನೆಯ ತೋಟಗಳ ನೀರು ಅದೇ ಬಣ್ಣದಲ್ಲಿ ಬಂದು ಕೂಡುತ್ತಿತ್ತು. ಅವನು ಕೈಯೊಡ್ಡಿ ಒಂದು ಬೊಗಸೆ ಎತ್ತಿದ. ನೀರು ಬೆರಳ ಸಂದಿಯಿಂದ ಸೋರಿತು, ಅಂಗೈಯಲ್ಲಿ ಮಣ್ಣು ಉಳಿಯಿತು. ಅವನಿಗೆ ತಿಳಿಯಿತು. ಸಾಲು ತಪ್ಪು. ಅಂದಿನ ಮಳೆಗೆ ಸರಿಯಾಗಿತ್ತು, ಇಂದಿನ ಮಳೆಗೆ ತಪ್ಪು.

ಅಂದೇ ಸಂಜೆ ಹೇಳಬೇಕೆಂದು ಅವನು ಹನುಮಂತ ದೇವರ ಗುಡಿಯ ಕಟ್ಟೆಗೆ ಹೋದ. ಕಟ್ಟೆಯ ಮೇಲೆ ಬೇರೆ ಊರಿನಿಂದ ಬಂದ ನಾಲ್ಕು ಜನ ಕುಳಿತಿದ್ದರು. ತಮ್ಮ ಊರಿನಲ್ಲೂ ಸಾಲು ಹಾಕಿಕೊಡಬೇಕೆಂದು ಕರೆಯಲು ಬಂದವರು. ಅವನ ಊರಿನ ಮಲಕಪ್ಪ ಅವರಿಗೆ ಹೇಳುತ್ತಿದ್ದ: “ನಮ್ಮ ಮಾಸ್ತರ್ರು ಒಮ್ಮಿ ಹಗ್ಗ ಹಿಡದ್ರು ಅಂದ್ರ ಮುಗೀತು. ಆ ಸಾಲು ತಪ್ಪೂದಿಲ್ಲ.” ಈ ಮಲಕಪ್ಪ ಅವನಿಗಿಂತ ಹತ್ತು ವರ್ಷ ಚಿಕ್ಕವನು. ಅವನ ಮೇಲೆ ಊರಿನಲ್ಲೇ ಎಲ್ಲರಿಗಿಂತ ಹೆಚ್ಚು ಭಕ್ತಿ ಇಟ್ಟವನು.

ರೈತನಿಗೆ ಜಾಗ ಬಿಟ್ಟುಕೊಟ್ಟರು. ಅವನು ಕುಳಿತ. ಬಾಯಿ ತೆರೆದ. ಬೂದಿ ರೋಗದ ವಿಷಯ ಮಾತಾಡಿ ಎದ್ದುಬಂದ.

ಇನ್ನೊಂದು ವರ್ಷ ನೋಡಿ ಹೇಳೋಣ ಎಂದು ದಾರಿಯಲ್ಲಿ ತನಗೆ ತಾನೇ ಹೇಳಿಕೊಂಡ. ಪೂರ್ತಿ ಖಾತ್ರಿಯಾಗದೆ ಜನರನ್ನು ಗಾಬರಿಪಡಿಸಬಾರದು ಎಂದುಕೊಂಡ. ಅದು ತನ್ನ ಹೆದರಿಕೆಗೆ ತಾನೇ ಹೊದಿಸಿದ ಬಟ್ಟೆ ಎಂಬುದು ಅವನಿಗೆ ಅರ್ಧ ಗೊತ್ತಿತ್ತು. ಉಳಿದ ಅರ್ಧವನ್ನು ಅವನು ನೋಡಲಿಲ್ಲ.

ತನಗೆ ಮೈಯಲ್ಲಿ ಆರಾಮಿಲ್ಲ ಎಂದು ಬೇರೆ ಊರಿನವರಿಗೆ ಹೇಳಿ ಕಳಿಸಿದ.

ಆದರೆ ತನ್ನ ತೋಟಕ್ಕೆ ಮಾತ್ರ ಖಾತ್ರಿಯಾಗುವವರೆಗೆ ಕಾಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಸಾಲಿನ ನಡುವೆ ಹತ್ತು ಹೆಜ್ಜೆಗೆ ಒಂದರಂತೆ ಅಡ್ಡಲಾಗಿ ಮೊಳಕಾಲೆತ್ತರದ ಕಲ್ಲಿನ ಒಡ್ಡು ಕಟ್ಟಿದ. ಕುಂಟೆ ಹೊಡೆಯುವುದನ್ನು ಬಿಟ್ಟು ಹುಲ್ಲು, ಹುರುಳಿ ಬೆಳೆಯಲು ಬಿಟ್ಟ. ಬಳ್ಳಿ ಸವರುವ ಕೆಲಸಕ್ಕೆ ಅಲ್ಲಿಯವರು ಚಾಟ್ನಿ ಎನ್ನುತ್ತಾರೆ. ಚಾಟ್ನಿಯಲ್ಲಿ ಬಿದ್ದ ಕಡ್ಡಿ, ಎಲೆಯನ್ನು ಮೊದಲಿನಂತೆ ಸುಡದೆ ನೆಲಕ್ಕೆ ಹೊದಿಸಿದ. ಈ ಕೆಲಸಕ್ಕೆ ಆಳುಗಳನ್ನು ಕರೆಯಲಿಲ್ಲ. ತಾನು, ತನ್ನ ಹೆಂಡತಿ, ಇಬ್ಬರೇ ಮಾಡಿದರು.

ದಾರಿಯಲ್ಲಿ ಹೋಗುತ್ತಿದ್ದ ಮಲಕಪ್ಪ ಕಲ್ಲು ಕಂಡು ನಿಂತ. “ಮಾಸ್ತರ್ರ, ಇವು ಯಾಕ್ರಿ?”

“ಬಾವಿ ತೋಡಿದಾಗ ಬಂದ ಕಲ್ಲು. ಇಡಾಕ ಜಾಗಾ ಇಲ್ಲ.”

“ಹುಲ್ಲು ಯಾಕ ಬಿಟ್ಟೀರಿ?”

“ಎಮ್ಮಿಗೆ.”

ಮಲಕಪ್ಪ ತಲೆಯಾಡಿಸಿ ಹೋದ. ಮಾಸ್ತರ ಹೇಳಿದ ಮೇಲೆ ಮುಗಿಯಿತು. ಅವನ ಬೆನ್ನು ಕಣ್ಣಿಗೆ ಮರೆಯಾಗುವವರೆಗೆ ರೈತ ಕೈಯಲ್ಲಿದ್ದ ಕಲ್ಲನ್ನು ಕೆಳಗಿಡಲಿಲ್ಲ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನಮ್ಮ ಹೊಲಕ್ಕ ಬೇಕಾದ ಕಲ್ಲು ಅವರ ಹೊಲಕ್ಕ ಬ್ಯಾಡೇನು?” ಎಂದಳು.

ಅವನು ಸಿಟ್ಟಾದ. “ನಾ ಕಲಿಸಿದ್ದು ತಪ್ಪಾತು ಅಂತ ಊರ ಮುಂದ ನಿಂತು ಡಂಗುರ ಹೊಡೀಲೇನು?”

ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಂದಿನಿಂದ ಅವನನ್ನು ಬೇರೆಯವರ ಎದುರು ಹೊಗಳುವುದನ್ನು ಬಿಟ್ಟಳು. ಅವನು ಅದನ್ನು ಗಮನಿಸಿದ.

ಆ ವರ್ಷವೇ ಮಳೆಗಾಲದಲ್ಲಿ ದಾನಮ್ಮ ಅವನ ಮನೆಗೆ ಬಂದಳು. ಕಟ್ಟೆಯ ಕೆಳಗೆ ನಿಂತೇ ಮಾತಾಡಿದಳು. “ಕಾಕಾ, ಬಳ್ಳಿ ಬೇರು ಹೊರಗ ಕಾಣಾಕತ್ತಾವ. ಮಣ್ಣು ಇಳದು ಹೊಂಟೈತಿ ಅನಸ್ತೈತಿ. ಏನ್ ಮಾಡ್ಲಿ ಹೇಳ್ರಿ.”

ಇದಕ್ಕಿಂತ ನೇರವಾಗಿ ಯಾರೂ ಕೇಳಲಾರರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಾಗಿತ್ತು. ಸುತ್ತ ಯಾರೂ ಇರಲಿಲ್ಲ. ಅವಳೊಬ್ಬಳೇ. ಆದರೆ ಅವಳಿಗೆ ಒಡ್ಡು ಕಟ್ಟು ಎಂದರೆ, ಹಿಂದೆ ನೀವೇ ಒಡೆಸಿದಿರಲ್ಲ ಎಂದು ಅವಳು ಕೇಳಬಹುದು. ಅವಳು ಕೇಳದಿದ್ದರೂ ಅವಳ ಕಣ್ಣು ಕೇಳುತ್ತದೆ. ಆ ಕಣ್ಣಿಗೆ ಹೆದರಿ ಅವನು ಹೇಳಿದ:

“ಬುಡಕ್ಕ ನಾಕ್ನಾಕು ಬುಟ್ಟಿ ಮಣ್ಣು ಹಾಕು. ಸಾಕು.”

ಅವಳು ಕೈಮುಗಿದು ಹೋದಳು. ಮುಂದಿನ ಬೇಸಿಗೆ ಪೂರ್ತಿ ಹಳ್ಳದ ದಂಡೆಯಿಂದ ತಲೆಯ ಮೇಲೆ ಮಣ್ಣು ಹೊತ್ತು ಮೇಲೆ ಹತ್ತಿದಳು. ಒಂದೊಂದು ಬಳ್ಳಿಗೂ ನಾಲ್ಕು ಬುಟ್ಟಿ. ಎಣಿಕೆ ತಪ್ಪಲಿಲ್ಲ. ಅವನು ದಾರಿಯಲ್ಲಿ ಹೋಗುವಾಗ ಅವಳು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ. ಬುಡಕ್ಕೆ ಹಾಕಿದ ಸಡಿಲ ಮಣ್ಣು ಮೊದಲ ಜೋರು ಮಳೆಗೇ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆ ವರ್ಷ ಒಂದೂವರೆ ತಿಂಗಳು ಒಂದು ಹನಿ ಬೀಳಲಿಲ್ಲ. ನೆಲ ಬಿರುಕು ಬಿಟ್ಟಿತು. ಊರಿನ ತೋಟಗಳಲ್ಲೆಲ್ಲ ಚಾಟ್ನಿ ಮುಗಿದಿತ್ತು. ಬಳ್ಳಿಯ ಮೇಲೆ ಒಂದು ಎಲೆ ಇರಲಿಲ್ಲ, ನೆಲದ ಮೇಲೆ ಒಂದು ಹುಲ್ಲು ಇರಲಿಲ್ಲ. ದಿನ್ನೆ ಬತ್ತಲೆಯಾಗಿ ನಿಂತಿತ್ತು. ಆಗ ಚಿತ್ತಿ ಮಳೆ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಹಿಡಿದು ಎರಡು ತಾಸು ಹೊಡೆಯಿತು. ಎದುರಿನ ಮನೆ ಕಾಣದಷ್ಟು ಸುರಿಯಿತು. ರೈತ ಬಾಗಿಲಲ್ಲಿ ನಿಂತಿದ್ದ. ಮೊದಲು ಮಳೆಯ ಸದ್ದು ಮಾತ್ರ ಕೇಳಿತು. ಆಮೇಲೆ ದಿನ್ನೆಯ ಕಡೆಯಿಂದ ಇನ್ನೊಂದು ಸದ್ದು ಬಂತು. ಕಲ್ಲುಕಂಬಗಳು ಒಂದರ ಹಿಂದೆ ಒಂದು ಉರುಳುವ ಸದ್ದು. ಅವನ ಹೆಂಡತಿ ಒಳಗಿನಿಂದ ಬಂದು ಅವನ ಪಕ್ಕದಲ್ಲಿ ನಿಂತಳು. 

ಮಳೆ ನಿಂತ ಮೇಲೆ ಜನ ದಿನ್ನೆ ಹತ್ತಿದರು. ಸಾಲುಗಳಿದ್ದ ಕಡೆ ಕೊರಕಲುಗಳಿದ್ದವು. ಒಂದೊಂದು ಕೊರಕಲಿನಲ್ಲಿ ಆಳು ಇಳಿದು ನಿಲ್ಲಬಹುದಾಗಿತ್ತು. ಚಪ್ಪರಗಳು ತಂತಿಸಮೇತ ಕುಸಿದಿದ್ದವು. ಬೇರು ಮೇಲಾಗಿ ಬಳ್ಳಿಗಳು ಬಿದ್ದಿದ್ದವು. ದಾನಮ್ಮನ ನಾಲ್ಕು ಎಕರೆಯಲ್ಲಿ ಮಣ್ಣೇ ಇರಲಿಲ್ಲ. ಬಂಡೆ ತೊಳೆದಿಟ್ಟಂತೆ ಹೊಳೆಯುತ್ತಿತ್ತು.

ರೈತನ ತೋಟ ಹಾಗೆಯೇ ಇತ್ತು. ಹುಲ್ಲು ಮಲಗಿತ್ತು. ಒಡ್ಡಿನ ಹಿಂದೆ ನೆನೆದ ಮಣ್ಣು ನಿಂತಿತ್ತು. ಒಂದು ಕಂಬ ಕೂಡ ಅಲುಗಿರಲಿಲ್ಲ.

ಮರುದಿನ ಬೆಳಿಗ್ಗೆ ಊರವರೆಲ್ಲ ಅವನ ತೋಟಕ್ಕೆ ಬಂದರು. ಅವನು ಒಂದು ಕಂಬ ಹಿಡಿದು ನಿಂತ. ಈಗ ಕೇಳುತ್ತಾರೆ ಎಂದುಕೊಂಡ. ಆದರೆ ಯಾರೂ ಕೇಳಲಿಲ್ಲ. ತಮ್ಮದೆಲ್ಲ ಕಳೆದುಕೊಂಡು ಬಂದವರು ಅವನ ಬಳ್ಳಿಗಳ ನಡುವೆ ಮೆಲ್ಲಗೆ, ಗುಡಿಯೊಳಗೆ ನಡೆದಂತೆ ನಡೆದರು.

“ಎಲ್ಲಾರ ತ್ವಾಟ ಹೋದ್ರೂ ಮಾಸ್ತರ್ರ ತ್ವಾಟ ನಿಂತೈತಿ. ಇದು ಅವರ ಪುಣ್ಯಾ” ಎಂದ ಮಲಕಪ್ಪ. ಅವನದೇ ತೋಟದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೋಗಿತ್ತು. ಹಾಗೆಂದವನು ಬಗ್ಗಿ ರೈತನ ಕಾಲು ಮುಟ್ಟಿದ.

ರೈತ ಕಾಲು ಹಿಂದಕ್ಕೆ ಎಳೆದುಕೊಂಡ. ಅವನು ವಿನಯದಿಂದ ಹಾಗೆ ಮಾಡಿದ ಎಂದು ಜನ ಭಾವಿಸಿದರು. ಅದಕ್ಕೂ ಅವನನ್ನು ಹೊಗಳಿದರು.

ದಾನಮ್ಮ ಎಲ್ಲರಿಗಿಂತ ಹಿಂದೆ ಬಂದಿದ್ದಳು. ಅವಳು ಬಳ್ಳಿಗಳನ್ನು ನೋಡಲಿಲ್ಲ, ನೆಲ ನೋಡಿದಳು. ಒಂದು ಒಡ್ಡಿನ ಹತ್ತಿರ ಕುಳಿತು ಅದರ ಹಿಂದಿನ ಮಣ್ಣಿನಲ್ಲಿ ಬೆರಳು ಇಳಿಸಿದಳು. ಬೆರಳು ಪೂರ್ತಿ ಇಳಿಯಿತು. ಕಲ್ಲಿನ ಮೇಲೆ ಬೆಳೆದಿದ್ದ ಪಾಚಿಯನ್ನು ಮುಟ್ಟಿ ನೋಡಿದಳು. ಆಮೇಲೆ ಎದ್ದು ಅವನ ಹತ್ತಿರ ಬಂದಳು. ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಮಾತಾಡಿದಳು.

“ಕಾಕಾ, ಈ ಕಲ್ಲು ಯಾವಾಗ ಇಟ್ರಿ?”

“ಹ್ವಾದ ವರ್ಷ ಬ್ಯಾಸಗ್ಯಾಗ.”

“ಅಂದ್ರ ನಾ ಕೇಳಾಕ ಬಂದಾಗ ಇದ್ವು.”

“ಇದ್ವು.”

ಅವಳು ಸೆರಗು ಸರಿಮಾಡಿಕೊಂಡಳು. ದಿನ್ನೆ ಇಳಿದು ಹೋದಳು.

ಅಂದಿನಿಂದ ಮೂರು ದಿನ ರೈತ ಮನೆಯಿಂದ ಹೊರಗೆ ಬರಲಿಲ್ಲ.  ದಾನಮ್ಮ ಊರಿಗೆಲ್ಲ ಹೇಳುತ್ತಾಳೆ, ಜನ ಈಗ ಬರುತ್ತಾರೆ ಎಂದು ಬಾಗಿಲ ಕಡೆ ಕಿವಿ ಇಟ್ಟುಕೊಂಡಿದ್ದ. ಯಾರೂ ಬರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ. ಅವಳು ಹೇಳಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬಯ್ಯುವವರ ಮೇಲೆ ಸಿಟ್ಟಾದರೂ ಮಾಡಿಕೊಳ್ಳಬಹುದಾಗಿತ್ತು. ಬೈಯದೆ ಬಿಟ್ಟವಳ ಎದುರು ಅವನಿಗೆ ಅಡಗಲು ಜಾಗವಿರಲಿಲ್ಲ. ಕಣ್ಣು ಮುಚ್ಚಿದರೆ, ಬುಡಕ್ಕೆ ನಾಲ್ಕು ಬುಟ್ಟಿ ಮಣ್ಣು ಹಾಕು ಎಂದ ತನ್ನ ದನಿಯೇ ಕೇಳುತ್ತಿತ್ತು. ಆ ದನಿಯಲ್ಲಿ ಎಷ್ಟೊಂದು ಭರವಸೆ ಇತ್ತು ಎಂದು ನೆನೆದು ಅವನು ಹಾಸಿಗೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ.

ನಾಲ್ಕನೆಯ ದಿನ ಅವನು ದಾನಮ್ಮನ ಹೊಲಕ್ಕೆ ಹೋದ. ಅವಳು ತಳದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಆಯ್ದು ಗುಂಪು ಹಾಕುತ್ತಿದ್ದಳು. ಅವು ಅವಳ ಮಾವ ಕಟ್ಟಿದ್ದ ಒಡ್ಡಿನ ಕಲ್ಲುಗಳು. ಅವನು ಹತ್ತಿರ ಹೋಗಿ ನಿಂತ. ಅವಳು ಕೆಲಸ ನಿಲ್ಲಿಸಲಿಲ್ಲ.

“ದಾನವ್ವಾ, ನನಗ ಗೊತ್ತಿತ್ತು” ಎಂದ.

“ಗೊತ್ತಾತ್ರಿ ಕಾಕಾ.”

 ಅವನು ಕೈಮುಗಿಯಲು ಹೋದ. ಅವಳು ತಡೆದಳು.

“ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ನಂದು ಹೋತು. ಉಳದವರದು ಇನ್ನಾ ಒಂದೀಟು ಉಳದೈತಿ. ಸ್ವಾತಿ ಮಳಿ ಮುಂದೈತಿ. ಅವರಿಗೆ ಹೇಳ್ರಿ.”

ಅವನು ಅಲ್ಲಿಂದ ನೇರವಾಗಿ ಗುಡಿಯ ಕಟ್ಟೆಗೆ ಹೋದ. ನಿಂತರೆ ಕಾಲು ಹಿಂದೆ ತಿರುಗುತ್ತದೆ ಎಂದು ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಜನರನ್ನು ಕೂಗಿ ಕರೆಸಿದ. ಮಾಸ್ತರ ಕರೆಯುತ್ತಾನೆ ಎಂದು ಎಲ್ಲರೂ ಬಂದರು. ಮತ್ತೆ ಬಳ್ಳಿ ಹೇಗೆ ಎಬ್ಬಿಸಬೇಕೆಂದು ಹೇಳಿಕೊಡುತ್ತಾನೆ ಎಂದುಕೊಂಡು ಬಂದರು. ಮಲಕಪ್ಪ ಅವನಿಗೆ ಕೂರಲು ಕಂಬಳಿ ಹಾಸಿದ. ಅವನು ಕಂಬಳಿಯ ಮೇಲೆ ಕೂರಲಿಲ್ಲ. ಕಟ್ಟೆಯನ್ನೂ ಹತ್ತಲಿಲ್ಲ. ಕೆಳಗೆ ನಿಂತು ಹೇಳಿದ:

“ನಾ ಹಾಕಿಕೊಟ್ಟ ಸಾಲು ತಪ್ಪು. ಮಳಿ ಬದಲಾಗೇತಿ. ಅದು ನನಗ ತಿಳದು ಎರಡು ವರ್ಷ ಆತು. ನನ್ನ ತ್ವಾಟಕ್ಕ ಕಲ್ಲು ಇಟಗೊಂಡೆ, ಹುಲ್ಲು ಬಿಟಗೊಂಡೆ. ನಿಮಗ ಹೇಳಲಿಲ್ಲ. ಹೇಳಿದ್ರ ನೀವು ನನಗ ಮಾಸ್ತರ ಅನ್ನೂದು ಬಿಡ್ತೀರಿ ಅಂತ ಅಂಜಿದೆ.”

 ಮೊದಲು ಮಾತಾಡಿದವನು ಮಲಕಪ್ಪ.

“ಎಮ್ಮಿಗೆ ಹುಲ್ಲು ಅಂದಿದ್ದೆಲ್ಲೋ.”

ಇಪ್ಪತ್ತು ವರ್ಷಗಳಲ್ಲಿ ಮಲಕಪ್ಪ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಮಲಕಪ್ಪನ ಕಣ್ಣಲ್ಲಿ ನೀರಿತ್ತು. ಅವನು ಕಂಬಳಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ. ಆಮೇಲೆ ಉಳಿದವರ ಬಾಯಿ ಬಿಚ್ಚಿತು. ಬೈದರು. ಒಬ್ಬ ಮೈಮೇಲೆ ಹೋದ, ಇಬ್ಬರು ಅವನನ್ನು ಹಿಡಿದುಕೊಂಡರು. ರೈತ ತಲೆ ಎತ್ತಲಿಲ್ಲ. ಎಲ್ಲರೂ ಬೈದು ಮುಗಿಸಿದ ಮೇಲೆ ಒಂದೇ ಮಾತು ಹೇಳಿದ: “ಸ್ವಾತಿ ಮಳಿಗೆ ಎಂಟು ದಿನಾ ಐತಿ. ಅಡ್ಡ ಕಲ್ಲು ಇಡ್ರಿ. ನಾ ಬರ್ತೀನಿ.”

ಆ ಎಂಟು ದಿನ ಇಡೀ ಊರು ದಿನ್ನೆಯ ಮೇಲಿತ್ತು. ಕಲ್ಲು ಸಿಕ್ಕಲ್ಲಿ ಕಲ್ಲು, ಸಿಗದಲ್ಲಿ ಮಣ್ಣು ತುಂಬಿದ ಚೀಲ, ಬಿದ್ದ ಬಳ್ಳಿಗಳ ಹೊರೆ, ಯಾವುದು ಕೈಗೆ ಬಂತೋ ಅದನ್ನು ಇಳಿಜಾರಿಗೆ ಅಡ್ಡ ಇಟ್ಟರು. ರೈತ ಒಬ್ಬೊಬ್ಬರ ಹೊಲಕ್ಕೂ ಹೋದ. ಕೆಲವರು ಸೇರಿಸಿಕೊಂಡರು. ಕೆಲವರು ಬೇಲಿಯ ಹೊರಗೇ ನಿಲ್ಲಿಸಿದರು. ನಿಲ್ಲಿಸಿದಲ್ಲಿ ಅವನು ಬೇಲಿಯ ಹೊರಗೆ ಕಲ್ಲು ತಂದು ರಾಶಿ ಹಾಕಿ ಬಂದ. ಮಲಕಪ್ಪನ ಬೇಲಿಯ ಹೊರಗೆ ಹಾಕಿದ ರಾಶಿ ಹಾಗೇ ಉಳಿಯಿತು. ಮಲಕಪ್ಪ ಬೇರೆ ಕಡೆಯಿಂದ ಕಲ್ಲು ತಂದುಕೊಂಡ.

ಸ್ವಾತಿ ಮಳೆ ಬಂತು. ಜೋರಾಗಿಯೇ ಬಂತು. ಮಣ್ಣು ಅಷ್ಟಿಷ್ಟು ಹೋಯಿತು. ಬಹಳಷ್ಟು ನಿಂತಿತು. ಆ ದಿನ್ನೆಯಲ್ಲಿ ಇಂದು ದ್ರಾಕ್ಷಿ ಇದೆಯೆಂದರೆ ಅದು ಆ ಎಂಟು ದಿನಗಳಲ್ಲಿ ಉಳಿದ ಮಣ್ಣಿನಲ್ಲಿ.

ದಾನಮ್ಮನ ಹೊಲದಲ್ಲಿ ನಿಲ್ಲಿಸಲು ಏನೂ ಇರಲಿಲ್ಲ. ಅವಳು ಒಡ್ಡುಗಳನ್ನು ಮತ್ತೆ ಕಟ್ಟಿದಳು. ರೈತ ಪ್ರತಿ ಬೇಸಿಗೆ ಬುಟ್ಟಿ ಹಿಡಿದು ಹೋಗಿ ಹಳ್ಳದ ಮಣ್ಣನ್ನು ಹೊತ್ತು ಆ ಒಡ್ಡುಗಳ ಹಿಂದೆ ಸುರಿದ. ಅವಳು ಬೇಡವೆನ್ನಲಿಲ್ಲ. ಬಾ ಎಂದೂ ಕರೆಯಲಿಲ್ಲ. ಮಧ್ಯಾಹ್ನ ಆಳುಗಳಿಗೆ ಕೊಡುವಂತೆ ಅವನಿಗೂ ಒಂದು ತಂಬಿಗೆ ನೀರು, ಬೆಲ್ಲ ಕೊಡುತ್ತಿದ್ದಳು. ಮೊದಲಿನ ಹಾಗೆಯೇ ಕಾಕಾ ಎಂದು ಕರೆಯುತ್ತಿದ್ದಳು. ಊರವರೆಲ್ಲ ಮಾಸ್ತರ ಎನ್ನುವುದನ್ನು ಬಿಟ್ಟದ್ದು ಅವನಿಗೆ ಅಷ್ಟು ನೋಯಲಿಲ್ಲ. ಅವಳು ಕಾಕಾ ಎನ್ನುವುದನ್ನು ಬಿಡದೆ ಇದ್ದದ್ದು ನೋಯುತ್ತಿತ್ತು.

ಹನ್ನೊಂದು ಬೇಸಿಗೆ ಅವನು ಮಣ್ಣು ಹೊತ್ತ. ಹನ್ನೊಂದು ಬೇಸಿಗೆಯಲ್ಲಿ ಬಂಡೆಯ ಮೇಲೆ ಮಣ್ಣು ಒಂದು ಗೇಣು ಏರಿತು. ದಾನಮ್ಮ ಅದರಲ್ಲಿ ಜೋಳ ಬಿತ್ತಿದಳು. ದ್ರಾಕ್ಷಿಗೆ ಅದು ಸಾಲುವುದಿಲ್ಲ. ಹನ್ನೆರಡನೆಯ ಬೇಸಿಗೆಗೆ ಅವನಿಗೆ ಮೈಯಲ್ಲಿ ಶಕ್ತಿ ಇರಲಿಲ್ಲ. ಹೋಗಿ ಅವಳ ಬದುವಿನ ಮೇಲೆ ಸುಮ್ಮನೆ ಕುಳಿತು ಬಂದ.

ಗುರುಗಳು ಕತೆ ನಿಲ್ಲಿಸಿದರು.

 ರೇವಯ್ಯ ಕೇಳಿದ: “ಗುರುಗಳೇ, ಅವನು ತನ್ನ ತಪ್ಪನ್ನು ಆ ಮಳೆಗಿಂತ ಮೊದಲೇ ತಿದ್ದಿಕೊಂಡಿದ್ದನಲ್ಲ. ಆದರೂ ಅವನಿಗೆ ಅಷ್ಟು ನಾಚಿಕೆ ಏಕೆ?”

ಗುರುಗಳು ಹೇಳಿದರು: “ಅವನು ತಿದ್ದಿಕೊಂಡದ್ದು ತನ್ನ ತೋಟವನ್ನಪ್ಪ, ತಪ್ಪು ಇದ್ದದ್ದು ಅವನನ್ನು ನಂಬಿದವರ ತೋಟದಲ್ಲಿ.”

ರೇವಯ್ಯ ಆಗ ತಲೆ ಎತ್ತಿ ಗುರುಗಳ ಮುಖ ನೋಡಿದ.